ಗಿಡ್ಡ ಕೋಳಿಯ ಗೂಡಿಗೆ ಬಂದವರು ಯಾರು? ಗುರುತು ನೋಡಿ ಪತ್ತೆ ಮಾಡುವ ಕೈಪಿಡಿ

ಬೆಳಿಗ್ಗೆ ಗೂಡು ತೆಗೆದಾಗ ಕೋಳಿ ಒಂದು ಕಡಿಮೆ ಇದ್ದರೆ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮೊದಲು ಬರುವ ಮಾತು "ಮುಂಗುಸಿ ಹೊತ್ಕೊಂಡು ಹೋಯ್ತು" ಅಂತ. ಆದರೆ ಮುಂಗುಸಿ ಹಗಲು ಓಡಾಡುವ ಪ್ರಾಣಿ. ಸಂಜೆ ಬಾಗಿಲು ಹಾಕಿದ ಮೇಲೆ, ಬೆಳಕು ಹರಿಯುವ ಮೊದಲು ಹೋದ ಕೋಳಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಬಂದದ್ದು ಯಾರು ಅಂತ ತಪ್ಪಾಗಿ ತಿಳಿದರೆ ರಿಪೇರಿಯೂ ತಪ್ಪುತ್ತದೆ. ನೀವು ಕೆಳಗಿನ ಬಿಲ ಮುಚ್ಚುತ್ತೀರಿ, ಬೆಕ್ಕು ಮೇಲಿನ ಸಂದಿಯಿಂದ ಮತ್ತೆ ಬರುತ್ತದೆ. ಅದಕ್ಕೇ ಈ ಕೈಪಿಡಿಯನ್ನು ಪ್ರಾಣಿಗಳ ಹೆಸರಿನ ಮೇಲೆ ಬರೆದಿಲ್ಲ, ನಿಮ್ಮ ಕಣ್ಣಿಗೆ ಬೀಳುವ ಗುರುತಿನ ಮೇಲೆ ಬರೆದಿದ್ದೇನೆ.

ಬ್ಯಾಂಟಮ್, ಅಂದರೆ ಗಿಡ್ಡ ಕೋಳಿಗಳ ಕಷ್ಟವೇ ಬೇರೆ. ಹೆಚ್ಚಿನವು ಅರ್ಧ ಕೆ.ಜಿ.ಯಿಂದ ಒಂದು ಕೆ.ಜಿ. ತೂಗುತ್ತವೆ. ದೊಡ್ಡ ನಾಟಿ ಹುಂಜವನ್ನು ಕಂಡು ಹಿಂದೆ ಸರಿಯುವ ಬೆಕ್ಕು ಇವುಗಳಿಗೆ ಹೆದರುವುದಿಲ್ಲ. ಹಗುರ ಜಾತಿಯವು ಚೆನ್ನಾಗಿ ಹಾರುತ್ತವೆ, ಹಾಗಾಗಿ ಗೂಡು ಬಿಟ್ಟು ಮರ ಹತ್ತಿ ಕೂರುತ್ತವೆ. ಸಿಲ್ಕಿ ಜಾತಿಗೆ ಹಾರಲು ಬರುವುದಿಲ್ಲ, ಕಣ್ಣಿನ ಮೇಲೆ ಜುಟ್ಟು ಬಿದ್ದು ಮೇಲಿಂದ ಬರುವ ಹದ್ದೂ ಕಾಣುವುದಿಲ್ಲ. ಇದರ ಜೊತೆಗೆ ಗಿಡ್ಡ ಹೇಟೆಗಳಿಗೆ ಕಾವಿಗೆ ಕೂರುವ ಆಸೆ ಜಾಸ್ತಿ. ಎಲ್ಲೋ ಮರೆಯಲ್ಲಿ ಮೊಟ್ಟೆ ಇಟ್ಟು ಮೂರು ವಾರ ಅಲ್ಲೇ ಕೂತರೆ ಯಾರು ಬಂದರೂ ಸುಲಭದ ತುತ್ತು.

ಗುಡಿಸುವ ಮೊದಲು

ಕೋಳಿ ಸತ್ತಿದ್ದರೂ ಕಾಣೆಯಾಗಿದ್ದರೂ ಕೂಡಲೇ ಪೊರಕೆ ಹಿಡಿಯಬೇಡಿ. ಮನೆಯ ನಾಯಿ, ಮಕ್ಕಳು ಯಾರೂ ಆ ಜಾಗ ತುಳಿಯದಂತೆ ನೋಡಿಕೊಳ್ಳಿ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ: ಸತ್ತ ಕೋಳಿ, ಗರಿ ಬಿದ್ದ ಜಾಗ, ಜಾಲರಿಯ ಕೆಳಗಿನ ಅಂಚು, ಬಾಗಿಲಿನ ಚಿಲಕ. ಕಾಲಿಗೆ ಬೂಟು ಇರಲಿ, ಕೈಯಲ್ಲಿ ಕೋಲು ಮತ್ತು ಟಾರ್ಚ್ ಇರಲಿ. ಗೂಡಿನೊಳಗೆ, ಹುಲ್ಲಿನ ಕೆಳಗೆ, ಮಂಕರಿಯ ಹಿಂದೆ ಬರಿಗೈ ಹಾಕಬೇಡಿ. ಬಂದವರು ಇನ್ನೂ ಒಳಗೇ ಇರಬಹುದು.

ಗರಿ ಸಿಕ್ಕರೆ ಅದರ ಬುಡ ನೋಡಿ. ಬುಡ ಪೂರ್ತಿ ಇದ್ದು, ಗರಿಗಳು ಒಂದೇ ಕಡೆ ಗುಂಡಗೆ ರಾಶಿ ಬಿದ್ದಿದ್ದರೆ ಹಕ್ಕಿ ಕಿತ್ತದ್ದು. ಗಿಡುಗ ತಿನ್ನುವ ಮೊದಲು ಗರಿ ಬಿಡಿಸುತ್ತದೆ. ಬುಡ ಕತ್ತರಿಸಿದ ಹಾಗಿದ್ದು, ಗರಿಗಳು ಗೊಂಚಲಾಗಿ ಅಂಟಿಕೊಂಡು, ದಾರಿಯುದ್ದಕ್ಕೂ ಚೆಲ್ಲಿದ್ದರೆ ಹಲ್ಲಿರುವ ಪ್ರಾಣಿ ಬಂದಿದೆ. ಆ ದಾರಿ ಹಿಡಿದು ಸ್ವಲ್ಪ ದೂರ ನಡೆದು ನೋಡಿ. ಬೇಲಿಯ ಯಾವ ಸಂದಿಯಿಂದ ದಾಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೆಜ್ಜೆ ಗುರುತು ಸಿಗದಿದ್ದರೆ ಸಂಜೆ ಗೂಡಿನ ಸುತ್ತ ಒಂದು ಮೊಳ ಅಗಲಕ್ಕೆ ಒಲೆಯ ಬೂದಿ ಅಥವಾ ಜರಡಿ ಹಿಡಿದ ಮಣ್ಣು ತೆಳ್ಳಗೆ ಹರಡಿ. ಇದಕ್ಕೆ ಕಾಸು ಖರ್ಚಿಲ್ಲ. ನನ್ನ ಅಭಿಪ್ರಾಯದಲ್ಲಿ ಕ್ಯಾಮೆರಾ ಕೊಳ್ಳುವ ಮೊದಲು ಎಲ್ಲರೂ ಮಾಡಬೇಕಾದ ಕೆಲಸ ಇದು. ನಾಯಿ, ನರಿಯ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಗುಂಡನೆಯ ಗುರುತು ಮಾತ್ರ. ಸಾಕು ಬೆಕ್ಕಿನದು ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಅಗಲ, ಕಾಡುಬೆಕ್ಕಿನದು ಎರಡು ಇಂಚಿನ ಹತ್ತಿರ. ಮೂರು ಇಂಚು ಮತ್ತು ಮೇಲೆ ಇದ್ದು ಉಗುರಿನ ಗುರುತು ಇಲ್ಲದಿದ್ದರೆ ಅಲ್ಲಿಗೇ ಪತ್ತೆ ಕೆಲಸ ನಿಲ್ಲಿಸಿ, ಚಿರತೆಯ ಬಗ್ಗೆ ಕೆಳಗೆ ಬರೆದಿರುವುದನ್ನು ಓದಿ. ಬೂದಿಯಲ್ಲಿ ಹೆಜ್ಜೆಯೇ ಇಲ್ಲದೆ ಎಳೆದಂತೆ ಡೊಂಕು ಗೆರೆ ಇದ್ದರೆ ಹಾವು.

ಲೆಕ್ಕಕ್ಕೆ ಒಂದು ಕಡಿಮೆ. ಗರಿಯೂ ಇಲ್ಲ, ರಕ್ತವೂ ಇಲ್ಲ

ಮೊದಲು ತಲೆ ಎತ್ತಿ ನೋಡಿ. ಹಿತ್ತಲಿನ ನುಗ್ಗೆ, ಬೇವು, ಸೀಬೆ ಮರ, ಮನೆಯ ಶೀಟಿನ ಮೇಲೆ, ದನದ ಕೊಟ್ಟಿಗೆಯ ಅಟ್ಟ. ಆಮೇಲೆ ತಲೆ ಬಗ್ಗಿಸಿ ನೋಡಿ. ಸೌದೆ ರಾಶಿ, ಹುಲ್ಲಿನ ಬಣವೆ, ತೆಂಗಿನ ಗರಿಯ ರಾಶಿ, ಬೇಲಿಯ ಲಂಟಾನ ಪೊದೆ. ಕಾಣೆಯಾದದ್ದು ಮೊಟ್ಟೆ ಇಡುವ ಹೇಟೆಯಾಗಿದ್ದರೆ ಕಾವಿಗೆ ಕೂತಿರುವ ಸಾಧ್ಯತೆ ತುಂಬಾ. ಅದು ದಿನಕ್ಕೆ ಒಂದು ಸಲ ಎದ್ದು ಬಂದು ಗಬಗಬ ತಿಂದು, ದೊಡ್ಡದೊಂದು ಹಿಕ್ಕೆ ಹಾಕಿ, ಮತ್ತೆ ಓಡುತ್ತದೆ. ಕಾಳು ಚೆಲ್ಲಿ ದೂರ ನಿಂತು ಕಾಯಿರಿ, ಎಲ್ಲಿಗೆ ಹೋಗುತ್ತದೆ ನೋಡಿ. ಸಿಕ್ಕರೆ ಕತ್ತಲಾದ ಮೇಲೆ ಮೊಟ್ಟೆ ಸಮೇತ ಭದ್ರವಾದ ಪೆಟ್ಟಿಗೆಗೆ ಬದಲಾಯಿಸಿ. ಹಗಲು ಬದಲಾಯಿಸಿದರೆ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ.

ಅಲ್ಲೂ ಇಲ್ಲ ಅಂದರೆ ಚಿಲಕ ನೋಡಿ. ಬಾಗಿಲು ಸರಿಯಾಗಿ ತೆರೆದು, ಒಂದಕ್ಕಿಂತ ಹೆಚ್ಚು ಕೋಳಿ ಹೋಗಿ, ಉಳಿದವು ಗಾಬರಿಯಿಲ್ಲದೆ ಇದ್ದರೆ ಬಂದದ್ದು ಎರಡು ಕಾಲಿನ ಪ್ರಾಣಿ. ಚೆಂದದ ಬ್ಯಾಂಟಮ್ ಜೋಡಿಗೆ ಬೆಲೆ ಇದೆ, ಕಳ್ಳರಿಗೂ ಅದು ಗೊತ್ತು. ಬೀಗ ಹಾಕಿ, ಕೋಳಿಗಳ ಫೋಟೊ ಇಟ್ಟುಕೊಳ್ಳಿ, ಕಾಲಿಗೆ ಬಣ್ಣದ ಬಳೆ ಹಾಕಿ.

ಚಿಲಕ ಹಾಕಿದ್ದ ಹಾಗೇ ಇದ್ದು ಕೋಳಿ ಮಾತ್ರ ಇಲ್ಲವಾದರೆ, ಅಥವಾ ರಾತ್ರಿ ಹೊರಗೆ ಉಳಿದ ಕೋಳಿ ಹೋಗಿದ್ದರೆ, ಕಾಡುಬೆಕ್ಕು ಅಥವಾ ನರಿಯನ್ನು ಅನುಮಾನಿಸಿ. ಎರಡೂ ಇಂಥ ಸಣ್ಣ ಕೋಳಿಯನ್ನು ಕಚ್ಚಿ ಎತ್ತಿಕೊಂಡೇ ಹೋಗುತ್ತವೆ, ಅಲ್ಲೇ ಕೂತು ತಿನ್ನುವುದಿಲ್ಲ. ಮೆಕ್ಕೆಜೋಳ ಎತ್ತರ ಬೆಳೆದಾಗ ಅವಕ್ಕೆ ನಮ್ಮ ಹಿತ್ತಲಿನವರೆಗೂ ಮರೆ ಸಿಗುತ್ತದೆ. ಕೊಯ್ಲು ಮುಗಿದ ವಾರಗಳೂ ಅಪಾಯವೇ. ಅಡಗಿದ್ದ ಜಾಗ ಹೋಗಿ, ಇಲಿಗಳೂ ಚದುರಿ, ಅವು ಊರಿನ ಅಂಚಿಗೆ ಬರುತ್ತವೆ. ಹೊಲದ ಅಂಚಿಗೆ ಗೂಡು ಇರುವವರು ಸುತ್ತ ಹತ್ತು ಹದಿನೈದು ಅಡಿ ಜಾಗವನ್ನು ಪೊದೆ ಇಲ್ಲದೆ ಬೋಳು ಬಿಡಿ. ಬಯಲು ದಾಟಿ ಬರಲು ಕಳ್ಳ ಪ್ರಾಣಿಗೆ ಧೈರ್ಯ ಸಾಲುವುದಿಲ್ಲ.

ಹಗಲಲ್ಲೇ ಮರಿ ಒಂದೊಂದೇ ಕಡಿಮೆ ಆಗುತ್ತಿದೆ

ಇಲ್ಲಿ ನಿಮ್ಮ ಕಿವಿಯೇ ಮೊದಲ ಸಾಧನ. ಆಕಾಶದಿಂದ ಅಪಾಯ ಬಂದಾಗ ಹುಂಜ ಒಂದೇ ಸಲ ಎಳೆದ ಕೀರಲು ದನಿ ಹೊರಡಿಸುತ್ತದೆ. ಕೇಳಿದ ತಕ್ಷಣ ಎಲ್ಲವೂ ಪೊದೆಗೆ ನುಗ್ಗಿ, ಅಲುಗಾಡದೆ ಕೂರುತ್ತವೆ. ನೆಲದ ಮೇಲೆ ನಾಯಿ, ಬೆಕ್ಕು, ಮುಂಗುಸಿ ಕಂಡರೆ ಕೂಗು ಬೇರೆ: ಕೊಕ್ ಕೊಕ್ ಕೊಕ್ ಅಂತ ಬಿಡದೆ, ಕತ್ತು ಎತ್ತಿ ನಿಂತು, ಆ ಕಡೆಗೇ ನೋಡುತ್ತಾ. ಎರಡು ಮೂರು ದಿನ ಗಮನ ಕೊಟ್ಟರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೇ ಬರೀ ಹೇಟೆ ಸಾಕುವವರಿಗೂ ಒಂದು ಹುಂಜ ಇಟ್ಟುಕೊಳ್ಳಿ ಅನ್ನುತ್ತೇನೆ.

ಮೇಲಿನಿಂದ ಬರುವವರಲ್ಲಿ ಹದ್ದು ಮತ್ತು ಶಿಕ್ರಾ ಗಿಡುಗ ಮುಖ್ಯ. ಹದ್ದು ಬಯಲಿನ ಮೇಲೆ ಸುತ್ತು ಹಾಕಿ ಇಳಿದು ಮರಿ ಎತ್ತುತ್ತದೆ. ಮಾಂಸದಂಗಡಿ, ಕಸದ ರಾಶಿ ಹತ್ತಿರ ಇರುವ ಬಡಾವಣೆಗಳಲ್ಲಿ ಇದರ ಕಾಟ ಜಾಸ್ತಿ. ಶಿಕ್ರಾ ಹಾಗಲ್ಲ. ಮರದೊಳಗೆ ಸುಮ್ಮನೆ ಕೂತಿದ್ದು ತಗ್ಗಿನಲ್ಲಿ ನುಗ್ಗಿ ಬರುತ್ತದೆ, ಅಡಿಕೆ ತೋಟದ ಸಾಲುಗಳ ನಡುವೆಯೂ ಬರುತ್ತದೆ. ಪಾರಿವಾಳದಷ್ಟೇ ದೊಡ್ಡ ಹಕ್ಕಿ, ಹಾಗಾಗಿ ಮರಿ ಒಯ್ಯುತ್ತದೆಯೇ ಹೊರತು ಬೆಳೆದ ಬ್ಯಾಂಟಮ್ಮನ್ನು ಎತ್ತಲಾರದು. ಚಿತ್ರದುರ್ಗದ ಕಲ್ಲುಗುಡ್ಡದ ಸೀಮೆಯಲ್ಲಿ ದೊಡ್ಡ ಜಾತಿಯ ಗಿಡುಗಗಳೂ ಇವೆ. ಅವಕ್ಕೆ ಬೆಳೆದ ಗಿಡ್ಡ ಕೋಳಿಯೂ ಭಾರವಲ್ಲ.

ಕಾಗೆಯನ್ನು ಮರೆಯಬೇಡಿ. ಮೊದಲ ಒಂದು ವಾರದ ಮರಿಗೆ ಕಾಗೆಯೇ ಸಾಕು. ಎರಡು ಕಾಗೆ ಸೇರಿ, ಒಂದು ತಾಯಿಯನ್ನು ಕೆಣಕಿ ಓಡಿಸಿದರೆ ಇನ್ನೊಂದು ಮರಿ ಎತ್ತುತ್ತದೆ. ಕೆಂಬೂತವೂ ಬೇಲಿಯ ಮರೆಯಿಂದ ಬಂದು ಸಣ್ಣ ಮರಿ, ಮೊಟ್ಟೆ ತಿನ್ನುತ್ತದೆ.

ಪರಿಹಾರದಲ್ಲಿ ಅಗ್ಗದ್ದು ಹಳೆಯದೇ. ತಾಯಿ ಮತ್ತು ಮರಿಗಳ ಮೇಲೆ ದೊಡ್ಡ ಮಂಕರಿ ಬೋರಲು ಹಾಕಿ, ಮೇಲೆ ಒಂದು ಕಲ್ಲು ಇಡಿ. ಹದ್ದು, ಕಾಗೆಗೆ ಇದು ಸಾಕು. ನಾಯಿಗೆ ಸಾಲದು, ಅದು ಮೂತಿಯಲ್ಲಿ ತಳ್ಳಿ ಬೀಳಿಸುತ್ತದೆ. ಮರಿಗೆ ಓಡಾಡಲು ಜಾಗ ಬೇಕಲ್ವಾ, ಅದಕ್ಕೆ ನಾಲ್ಕು ಕಂಬ ನೆಟ್ಟು ಮೇಲೆ ಶೇಡ್ ನೆಟ್ ಅಥವಾ ಹಳೆಯ ಮೀನಿನ ಬಲೆ ಬಿಗಿಯಾಗಿ ಕಟ್ಟಿ. ಬಲೆ ಜೋತು ಬಿದ್ದರೆ ಹಕ್ಕಿಯೂ ಕೋಳಿಯೂ ಸಿಕ್ಕಿಕೊಳ್ಳುತ್ತವೆ. ಹೊಳೆಯುವ ಟೇಪು, ಹಳೆಯ ಸಿ.ಡಿ. ತೂಗುಹಾಕುವುದು ಸ್ವಲ್ಪ ದಿನ ಕೆಲಸ ಮಾಡುತ್ತದೆ, ಆಮೇಲೆ ಕಾಗೆಗೆ ಅಭ್ಯಾಸವಾಗುತ್ತದೆ. ಗಾಳಿಪಟದ ನೈಲಾನ್ ಮಾಂಜಾ ದಾರ ಮಾತ್ರ ಯಾವತ್ತೂ ಕಟ್ಟಬೇಡಿ. ಅದು ಹಕ್ಕಿಯ ರೆಕ್ಕೆ, ಮಕ್ಕಳ ಕುತ್ತಿಗೆ ಎರಡನ್ನೂ ಕೊಯ್ಯುತ್ತದೆ.

ನೆಲದ ಕೂಗು ಕೇಳಿಸಿದ್ದರೆ ಮುಂಗುಸಿ ಅಥವಾ ಬೆಕ್ಕು. ಮುಂಗುಸಿಗೆ ಓಡಾಡಲು ದಾರಿ ಬೇಕು. ಕಲ್ಲಿನ ಬೇಲಿ, ಸೌದೆ ರಾಶಿ, ಕಾಲುವೆಯ ದಂಡೆ ಅದರ ರಸ್ತೆಗಳು. ಗೂಡಿಗೆ ತಾಗಿಕೊಂಡು ಸೌದೆ ಒಟ್ಟಿದ್ದರೆ ಅದನ್ನು ದೂರ ಸರಿಸಿ. ಬೇರೆ ಏನನ್ನೂ ಕೊಳ್ಳುವ ಮೊದಲು ಈ ಒಂದು ಕೆಲಸ ಮಾಡಿ ನೋಡಿ.

ಬಹಳ ಕೋಳಿ ಸತ್ತು ಬಿದ್ದಿವೆ, ಯಾವುದನ್ನೂ ತಿಂದಿಲ್ಲ

ಇದು ನಾಯಿಯ ಕೆಲಸ. ಬೀದಿನಾಯಿಯೇ ಆಗಬೇಕಿಲ್ಲ, ಪಕ್ಕದ ಮನೆಯ ಸಾಕುನಾಯಿಯೂ ಆಗಬಹುದು, ನಿಮ್ಮದೂ ಆಗಬಹುದು. ನಾಯಿಗೆ ಹಸಿವಿಗಿಂತ ಅಟ್ಟಿಸುವ ಹುಚ್ಚು. ಕೋಳಿ ಹಾರಾಡಿದಷ್ಟೂ ಕಚ್ಚಿ ಕೊಡವುತ್ತದೆ, ಅಲುಗಾಟ ನಿಂತಾಗ ಇನ್ನೊಂದಕ್ಕೆ ಹೋಗುತ್ತದೆ. ಬೆನ್ನು, ಸೊಂಟದ ಮೇಲೆ ಕಚ್ಚಿದ ಗಾಯ, ಎಲ್ಲೆಡೆ ಚೆಲ್ಲಿದ ಗರಿ, ಬಗ್ಗಿದ ಅಥವಾ ಕಿತ್ತ ಜಾಲರಿ, ಬೇಲಿಯ ಬುಡದಲ್ಲಿ ಅಗಲವಾದ ತೋಡು. ಇವು ಕಂಡರೆ ಬೇರೆ ಅನುಮಾನ ಬೇಡ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ ತೆಳ್ಳನೆಯ ಷಟ್ಕೋನ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ಕೆಳಗಿನ ಎರಡು ಅಡಿಗಾದರೂ ಬೆಸುಗೆ ಹಾಕಿದ ಗಟ್ಟಿ ವೆಲ್ಡ್ ಮೆಶ್ ಬೇಕು.

ತೋಡಿ ಒಳಗೆ ಬರುವುದಕ್ಕೆ ಮದ್ದು ಸರಳ. ಗೋಡೆಯ ಬುಡದಿಂದ ಹೊರಗೆ ಒಂದೂವರೆ ಎರಡು ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಬುಡಕ್ಕೆ ಕಟ್ಟಿ, ಮೇಲೆ ಮಣ್ಣು ಅಥವಾ ಚಪ್ಪಡಿ ಕಲ್ಲು ಹಾಕಿ. ನಾಯಿ, ನರಿ ಯಾವಾಗಲೂ ಗೋಡೆಯ ಬುಡದಲ್ಲೇ ಕೆರೆಯುತ್ತವೆ. ಉಗುರಿಗೆ ಜಾಲರಿ ಸಿಕ್ಕಾಗ ಎರಡು ಅಡಿ ಹಿಂದೆ ಸರಿದು ತೋಡಬೇಕು ಅಂತ ಅವಕ್ಕೆ ಹೊಳೆಯುವುದಿಲ್ಲ. ಚಿತ್ರದುರ್ಗದ ಕಡೆ ಅರ್ಧ ಅಡಿಗೇ ಬಂಡೆ ಸಿಗುವ ಜಾಗದಲ್ಲಿ ಜಾಲರಿಯನ್ನು ಆಳಕ್ಕೆ ಹೂಳಲು ಆಗುವುದಿಲ್ಲ. ಅಲ್ಲಿಗೆ ಇದೇ ಸರಿ.

ಪಕ್ಕದ ಮನೆಯ ನಾಯಿ ಅಂತ ಗೊತ್ತಾದರೆ ಫೋಟೊ ತೋರಿಸಿ ಸಮಾಧಾನದಿಂದ ಮಾತಾಡಿ. ವಿಷ ಹಾಕುವ ಯೋಚನೆ ಬೇಡವೇ ಬೇಡ, ಅದು ಅಪರಾಧ.

ತಲೆ ಇಲ್ಲ, ಮೈ ಹಾಗೇ ಇದೆ

ಮೊದಲು ನೋಡಬೇಕಾದದ್ದು ಸತ್ತ ಕೋಳಿ ಎಲ್ಲಿ ಬಿದ್ದಿದೆ ಅಂತ. ಜಾಲರಿಗೆ ತಾಗಿಕೊಂಡು ಬಿದ್ದಿದ್ದರೆ ಒಳಗೆ ಯಾರೂ ಬಂದಿಲ್ಲ. ಹೊರಗಿನಿಂದ ಬೆಕ್ಕು ಅಥವಾ ಪುನುಗುಬೆಕ್ಕು ಹೆದರಿಸಿದೆ, ಕೋಳಿ ಗಾಬರಿಯಲ್ಲಿ ಜಾಲರಿಯಿಂದ ತಲೆ ಹೊರಗೆ ಹಾಕಿದೆ, ಅದು ಹಿಡಿದು ಎಳೆದಿದೆ. ಬ್ಯಾಂಟಮ್ ತಲೆ ಸಣ್ಣದು, ಒಂದೂವರೆ ಇಂಚಿನ ಕಣ್ಣಿನಲ್ಲಿ ಸಲೀಸಾಗಿ ತೂರುತ್ತದೆ. ಇದಕ್ಕೆ ಪರಿಹಾರ ಕೋಳಿ ಕೂರುವ ಅಡ್ಡಕೋಲನ್ನು ಜಾಲರಿಯಿಂದ ಒಂದು ಅಡಿಗಿಂತ ಜಾಸ್ತಿ ಒಳಗೆ ಸರಿಸುವುದು, ಮತ್ತು ಆ ಎತ್ತರದಲ್ಲಿ ಅರ್ಧ ಇಂಚು ಜಾಲರಿ ಕಟ್ಟುವುದು. ಅಡ್ಡಕೋಲು ಸರಿಸಲು ಹತ್ತು ನಿಮಿಷ ಸಾಕು, ಇವತ್ತೇ ಮಾಡಿ.

ಕೋಳಿ ಗೂಡಿನ ನಡುವೆ ಬಿದ್ದು, ಕುತ್ತಿಗೆಯಲ್ಲಿ ಎರಡು ಮೂರು ಸಣ್ಣ ತೂತು ಇದ್ದರೆ ಒಳಗೆ ಬಂದಿದೆ. ಹಗಲಾದರೆ ಮುಂಗುಸಿ, ರಾತ್ರಿಯಾದರೆ ಪುನುಗುಬೆಕ್ಕು ಅಥವಾ ಬೆಕ್ಕು. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟದ ಮನೆಗಳಲ್ಲಿ ಪುನುಗುಬೆಕ್ಕನ್ನು ಮೊದಲು ಅನುಮಾನಿಸಿ. ಅವು ಗೋಡೆ ಹತ್ತಿ ಹೆಂಚಿನ ಸಂದಿಯಲ್ಲಿ ಇಳಿಯುತ್ತವೆ. ಮಧ್ಯಾಹ್ನ ಗೂಡಿನೊಳಗೆ ನಿಂತು ಬಾಗಿಲು ಹಾಕಿಕೊಳ್ಳಿ. ಸೂರು ಮತ್ತು ಗೋಡೆ ಸೇರುವ ಕಡೆ ಬೆಳಕು ಎಲ್ಲೆಲ್ಲಿ ಕಾಣುತ್ತದೆ ನೋಡಿ. ಮೂರು ಬೆರಳು ತೂರುವ ಸಂದಿ ಎಲ್ಲವನ್ನೂ ಮುಚ್ಚಬೇಕು.

ಮರದ ಮೇಲೆ ಮಲಗುವ ಕೋಳಿ ತಲೆ ಕಳೆದುಕೊಂಡು ಕೆಳಗೆ ಬಿದ್ದಿದ್ದರೆ ದೊಡ್ಡ ಕೊಂಬಿನ ಗೂಬೆ ಇರಬಹುದು. ಕಲ್ಲುಬಂಡೆಗಳ ಸಂದಿ ಅದರ ಮನೆ. ಮರದಲ್ಲಿ ಮಲಗುವ ಅಭ್ಯಾಸ ಬಿಡಿಸಲು ಸಂಜೆಯ ಕಾಳನ್ನು ಗೂಡಿನೊಳಗೆ ಮಾತ್ರ ಹಾಕಿ. ಜೊತೆಗೆ ಒಂದೆರಡು ವಾರ ಹೊರಗೆ ಬಿಡದೆ ಗೂಡಿನಲ್ಲೇ ಕೂಡಿಹಾಕಿ. ಆಮೇಲೆ ತಾವಾಗಿಯೇ ಬರುತ್ತವೆ.

ಮರಿಯ ಕಾಲು, ರೆಕ್ಕೆ ಕಡಿದಿದೆ

ಇಲಿ ಅಥವಾ ಹೆಗ್ಗಣ. ರಾತ್ರಿ ಮರಿಗಳು ಮೂಲೆಯಲ್ಲಿ ಒತ್ತಿ ಮಲಗಿದಾಗ ಕೆಳಗಿನ ಸಂದಿಯಿಂದ ಕಾಲು ಹಿಡಿದು ಎಳೆಯುತ್ತವೆ. ಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ, ಹರಿಹರದ ಕಡೆ, ದಾವಣಗೆರೆ ಪೇಟೆಯೊಳಗೆ ಚರಂಡಿ ಪಕ್ಕದ ಮನೆಗಳಲ್ಲಿ ಇದು ನರಿ, ಚಿರತೆಗಿಂತ ದೊಡ್ಡ ಶತ್ರು. ಇಲಿ ಇದ್ದ ಕಡೆಗೆ ಹಾವೂ ಬರುತ್ತದೆ, ಬೆಕ್ಕೂ ಬರುತ್ತದೆ.

ರಾತ್ರಿ ಕಾಳು ಗೂಡಿನಲ್ಲಿ ಉಳಿಯಬಾರದು. ಮೇವನ್ನು ಗೋಣಿಚೀಲದಲ್ಲಿ ಇಡಬೇಡಿ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಬೆರಳು ತೂರುವ ಪ್ರತಿ ತೂತಿಗೂ ಸಿಮೆಂಟು ಅಥವಾ ಅರ್ಧ ಇಂಚು ಜಾಲರಿ ಬೇಕು. ಮಣ್ಣು ಮೆತ್ತಿದರೆ ರಾತ್ರಿಯೇ ಕೊರೆಯುತ್ತವೆ. ಬೋನು ಇಟ್ಟು ಹಿಡಿಯಿರಿ. ಇಲಿ ಪಾಷಾಣ ಬೇಡ. ಕೋಳಿ ಅದನ್ನು ಕೆದಕಿ ತಿನ್ನುತ್ತದೆ, ವಿಷ ತಿಂದು ಸತ್ತ ಇಲಿಯನ್ನು ತಿಂದ ಬೆಕ್ಕು, ಗೂಬೆಯೂ ಸಾಯುತ್ತದೆ. ಮರಿಗೆ ಬಲ್ಬ್ ಹಾಕಿದ್ದರೆ ವಯರ್ ಕಡಿದಿದೆಯಾ ನೋಡಿ. ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ಹುಲ್ಲು, ಹೊಟ್ಟು ತುಂಬಿದ ಗೂಡಿಗೆ ಕಿಡಿ ಬಿದ್ದರೆ ಉಳಿಯುವುದು ಏನೂ ಇಲ್ಲ.

ಮೊಟ್ಟೆ ಸಿಗುತ್ತಿಲ್ಲ

ಮೊಟ್ಟೆ ನಿಂತಿದೆಯೋ, ಕಳುವಾಗಿದೆಯೋ ಅಂತ ಮೊದಲು ತಿಳಿಯಬೇಕು. ಗರಿ ಉದುರುವ ಕಾಲ, ಬಿಸಿಲಿನ ಝಳ, ನಾಯಿ ನುಗ್ಗಿದ ಗಾಬರಿ, ಇವುಗಳಿಂದಲೂ ಮೊಟ್ಟೆ ನಿಲ್ಲುತ್ತದೆ. ಬೆಳಿಗ್ಗೆ ಹತ್ತು ಗಂಟೆವರೆಗೆ ಹೊರಗೆ ಬಿಡದೆ ನೋಡಿ. ಗೂಡಿನಲ್ಲೇ ಮೊಟ್ಟೆ ಸಿಕ್ಕರೆ ಇಷ್ಟು ದಿನ ಹೊರಗೆಲ್ಲೋ ಇಡುತ್ತಿತ್ತು ಅಂತ ಅರ್ಥ.

ಚಿಪ್ಪು ಒಡೆದು ಲೋಳೆ ಗೂಡಿನಲ್ಲೇ ಹರಡಿದ್ದು, ಒಂದು ಕೋಳಿಯ ಕೊಕ್ಕಿಗೆ ಹಳದಿ ಅಂಟಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಕೋಳಿ ತನ್ನ ಮೊಟ್ಟೆ ತಾನೇ ತಿನ್ನುತ್ತಿದೆ. ಸುಣ್ಣದ ಅಂಶ ಕಡಿಮೆಯಾಗಿ ಚಿಪ್ಪು ತೆಳ್ಳಗಾದಾಗ ಈ ಚಟ ಶುರುವಾಗುತ್ತದೆ. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಿನಲ್ಲಿ ಇಡಿ, ಮೊಟ್ಟೆ ಇಡುವ ಜಾಗ ಕತ್ತಲಾಗಿರಲಿ, ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ.

ಚಿಪ್ಪು ಚೂರುಚೂರಾಗಿ ಗೂಡಿನ ಹೊರಗೆ, ಕಲ್ಲಿನ ಹತ್ತಿರ ಬಿದ್ದಿದ್ದರೆ ಮುಂಗುಸಿ. ಅದು ಮೊಟ್ಟೆಯನ್ನು ಕಲ್ಲಿಗೆ ಹೊಡೆದು ಒಡೆಯುತ್ತದೆ. ಚಿಪ್ಪಿನಲ್ಲಿ ಒಂದು ಕಡೆ ಮಾತ್ರ ತೂತು ಇದ್ದರೆ ಕಾಗೆ. ಚಿಪ್ಪೂ ಇಲ್ಲ, ಲೋಳೆಯೂ ಇಲ್ಲ, ಮೊಟ್ಟೆ ಪೂರ್ತಿ ಮಾಯವಾಗಿದ್ದರೆ ನುಂಗುವವರು ಬಂದಿದ್ದಾರೆ: ಹಗಲಾದರೆ ಉಡ, ಹಗಲೋ ರಾತ್ರಿಯೋ ಆದರೆ ಹಾವು. ಬ್ಯಾಂಟಮ್ ಮೊಟ್ಟೆ ಸಣ್ಣದು, ಹಾವಿಗೆ ಕಷ್ಟವೇ ಇಲ್ಲ.

ಮರಿ ಸತ್ತಿದೆ, ತಲೆ ಮತ್ತು ಕತ್ತು ಒದ್ದೆ

ಹಾವು ನುಂಗಲು ನೋಡಿ, ಆಗದೆ ಬಿಟ್ಟುಹೋಗಿದೆ. ಸ್ವಲ್ಪ ಅಂಟಂಟಾಗಿರುತ್ತದೆ, ಗರಿ ಮೈಗೆ ಒತ್ತಿಕೊಂಡಿರುತ್ತದೆ. ಹೆಚ್ಚಾಗಿ ಕೇರೆಹಾವು, ಅದಕ್ಕೆ ವಿಷವಿಲ್ಲ. ಆದರೆ ನಾಗರಹಾವೂ ಮೊಟ್ಟೆ, ಮರಿಗೆ ಬರುತ್ತದೆ. ಕಲ್ಲು ಸೀಮೆಯಲ್ಲಿ ಕಲ್ಲಿನ ಕೆಳಗೆ ಗರಗಸ ಮಂಡಲವೂ ಇರುತ್ತದೆ. ಅದಕ್ಕೆ ಕೋಳಿ ಬೇಡ, ಆದರೆ ಗೂಡಿನ ಸುತ್ತ ಕಲ್ಲು ಎತ್ತುವ ನಿಮ್ಮ ಕೈಗೆ ಅಪಾಯ.

ಹಾವು ಒಳಗೇ ಕಂಡರೆ ಇಲ್ಲಿಗೆ ನಿಲ್ಲಿಸಿ. ಯಾವ ಹಾವು ಅಂತ ಹತ್ತಿರ ಹೋಗಿ ನೋಡುವುದು, ಕೋಲಿನಿಂದ ಒತ್ತುವುದು ಬೇಡ. ದೂರದಿಂದ ಒಬ್ಬರು ಕಣ್ಣಿಟ್ಟಿರಲಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಅಥವಾ ನಿಮ್ಮೂರಿನ ಅನುಭವಿ ಹಾವು ಹಿಡಿಯುವವರನ್ನು ಕರೆಸಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಮಾಡದೆ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಉಂಗುರ, ಬಳೆ ಕೂಡಲೇ ಬಿಚ್ಚಿ. ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ.

ಹಾವು ಬರದಂತೆ ಮಾಡಲು ಬೆಳ್ಳುಳ್ಳಿ ನೀರು, ಫಿನಾಯಿಲ್ ನಂಬಬೇಡಿ. ಇಲಿ ಕಡಿಮೆ ಮಾಡಿ, ಕಲ್ಲಿನ ರಾಶಿ ತೆಗೆಯಿರಿ, ಕೆಳಗಿನ ಸಂದಿ ಮುಚ್ಚಿ. ನೈಲಾನ್ ಬಲೆಯನ್ನು ನೆಲಕ್ಕೆ ತಾಗುವಂತೆ ಕಟ್ಟಿದರೆ ಹಾವು ಸಿಕ್ಕಿಬಿದ್ದು ನರಳುತ್ತದೆ, ಬಿಡಿಸಲು ಹೋದವರಿಗೂ ಅಪಾಯ.

ಸಂಜೆಯಾದರೂ ಗೂಡಿಗೆ ಹೋಗಲು ಒಪ್ಪುತ್ತಿಲ್ಲ

ನಿನ್ನೆಯವರೆಗೆ ತಾವಾಗಿ ಹೋಗುತ್ತಿದ್ದವು ಇವತ್ತು ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದರೆ ಟಾರ್ಚ್ ಹಾಕಿ ನೋಡಿ. ಒಳಗೆ ಹಾವೋ ಇಲಿಯೋ ಇರಬಹುದು. ಏನೂ ಕಾಣದಿದ್ದರೆ ರಾತ್ರಿ ಒಂಬತ್ತರ ಮೇಲೆ ಅಡ್ಡಕೋಲಿನ ಕೆಳಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಕೆಂಪು ಕಲೆ ಬಂದರೆ ರಕ್ತ ಹೀರುವ ಕೆಂಪು ಹೇನು. ಮಣ್ಣಿನ ಗೋಡೆಯ ಬಿರುಕಿನಲ್ಲಿ ಕೋಳಿ ಉಣ್ಣೆಯೂ ಅಡಗಿರುತ್ತದೆ. ಎರಡೂ ಹಗಲು ಸಂದಿಯಲ್ಲಿದ್ದು ರಾತ್ರಿ ಬರುತ್ತವೆ. ಜುಟ್ಟು ಬಿಳಚಿಕೊಂಡು ಕೋಳಿ ಸೊರಗುತ್ತಿದ್ದರೆ ಇದು ಬಹಳ ದಿನದಿಂದ ಇದೆ ಅಂತ ತಿಳಿಯಿರಿ. ಗೂಡು ಖಾಲಿ ಮಾಡಿ, ಹುಲ್ಲು ಸುಟ್ಟು, ಬಿರುಕು ಮುಚ್ಚಿ, ಗೋಡೆಗೆ ಸುಣ್ಣ ಬಳಿಯಿರಿ. ಔಷಧಿ ಬೇಕಾದರೆ ಪಶು ವೈದ್ಯರು ಹೇಳಿದ್ದನ್ನೇ, ಹೇಳಿದಷ್ಟೇ ಬಳಸಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೋಳಿಗೆ ಹಚ್ಚಬೇಡಿ.

ಗಾಯವೇ ಇಲ್ಲ, ಆದರೂ ಸಾಯುತ್ತಿವೆ

ಇದು ಪ್ರಾಣಿಯ ಕೆಲಸ ಅಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಕಂಡರೆ ಕೊಕ್ಕರೆ ರೋಗ ಇರಬಹುದು. ಒಟ್ಟೊಟ್ಟಿಗೆ ಸಾಯತೊಡಗಿದರೆ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅಡುಗೆಗೆ ಬಳಸಬೇಡಿ, ಮಾರಬೇಡಿ, ಕಾಲುವೆಗೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ತಿಳಿಸಿ, ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಉಳಿದವಕ್ಕೆ ಲಸಿಕೆ ಬಗ್ಗೆ ಅಲ್ಲೇ ಕೇಳಿ. ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ, 8 ವಾರಕ್ಕೆ ಇಂಜೆಕ್ಷನ್ ಕೊಡುವುದು ರೂಢಿ.

ಏಪ್ರಿಲ್, ಮೇ ಮಧ್ಯಾಹ್ನದಲ್ಲಿ ಸತ್ತರೆ ಬಿಸಿಲನ್ನೂ ಅನುಮಾನಿಸಿ. ಬೆಕ್ಕಿಗೆ ಹೆದರಿ ಗೂಡನ್ನು ಸುತ್ತಲೂ ತಗಡಿನಿಂದ ಮುಚ್ಚಿದವರ ಕೋಳಿಗಳು ಚಳ್ಳಕೆರೆ, ಹಿರಿಯೂರಿನಂಥ ಬಿಸಿಲಿನಲ್ಲಿ ಉಸಿರುಗಟ್ಟಿ ಸಾಯುತ್ತವೆ. ಎರಡು ಗೋಡೆಯಾದರೂ ಜಾಲರಿಯದೇ ಇರಲಿ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ.

ಕಚ್ಚಿಸಿಕೊಂಡು ಬದುಕಿದ ಕೋಳಿಗೆ

ಕತ್ತಲೆಯ, ಬೆಚ್ಚಗಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಡಿ. ಗಾಯ ಕಂಡರೆ ಉಳಿದ ಕೋಳಿಗಳೇ ಕುಕ್ಕುತ್ತವೆ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಗರಿ ಸರಿಸಿ ನೋಡಿ, ಹೊರಗೆ ಸಣ್ಣ ತೂತು ಕಂಡರೂ ಒಳಗೆ ಚರ್ಮ ಹರಿದಿರಬಹುದು. ನೊಣ ಕೂರದಂತೆ ಬಲೆ ಮುಚ್ಚಿ, ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಬೆಕ್ಕು ಕಚ್ಚಿದ್ದರೆ ಗಾಯ ಸಣ್ಣದಾದರೂ ವೈದ್ಯರಿಗೆ ತೋರಿಸಿ, ಬೇಗ ಕೀವಾಗುತ್ತದೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ.

ಬಿಡಿಸುವಾಗ ನಾಯಿ, ನರಿ, ಮುಂಗುಸಿ ನಿಮ್ಮನ್ನು ಕಚ್ಚಿದರೆ ಅಥವಾ ಪರಚಿದರೆ ಕೋಳಿ ಆಮೇಲೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ನಿಲ್ಲಿಸಿ, ಫೋನ್ ಮಾಡಿ

ಮೂರು ಇಂಚಿನ, ಉಗುರಿಲ್ಲದ ಹೆಜ್ಜೆ, ಮುರಿದ ಬಾಗಿಲು, ನಾಯಿಗಳು ರಾತ್ರಿ ಬೊಗಳಿ ಆಮೇಲೆ ಒಮ್ಮೆಲೇ ಸುಮ್ಮನಾಗುವುದು. ಜೋಗಿಮಟ್ಟಿ ಸುತ್ತ, ಜಗಳೂರಿನ ರಂಗಯ್ಯನದುರ್ಗದ ಕಾಡಂಚಿನಲ್ಲಿ ಇಂಥದ್ದು ಕಂಡರೆ ಹುಡುಕಿಕೊಂಡು ಹೋಗಬೇಡಿ. ಮಕ್ಕಳನ್ನು ಒಳಗೆ ಇಟ್ಟು 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಜನ ಸೇರಿಸಿ ಓಡಿಸಲು ಹೋದಾಗಲೇ ಚಿರತೆ ಮೈಮೇಲೆ ಬೀಳುವುದು.

ಬೇಲಿಗೆ ಮನೆಯ ಕರೆಂಟು ಕೊಡುವುದು, ಉರುಳು ಹಾಕುವುದು, ಮಾಂಸದಲ್ಲಿ ಥಿಮೆಟ್ ಅನ್ನುವ ಕೀಟನಾಶಕ ವಿಷ ಇಡುವುದು ಯಾವತ್ತೂ ಬೇಡ. ಕರೆಂಟಿಗೆ ಬಲಿಯಾಗುವವರು ಕತ್ತಲಲ್ಲಿ ನೀರು ಹಾಯಿಸಲು ಬಂದ ಪಕ್ಕದ ಹೊಲದವರು, ಎಷ್ಟೋ ಸಲ ಮನೆಯವರೇ. ಚಿರತೆ, ನರಿ, ಮುಂಗುಸಿ, ಪುನುಗುಬೆಕ್ಕು, ಉಡ, ಕೇರೆಹಾವು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೊಂದರೂ ಹಿಡಿದರೂ ಕೇಸು ಆಗುತ್ತದೆ. ಗದ್ದೆಯ ಇಲಿಯನ್ನು ದಿನವೂ ತಿಂದು ನಮ್ಮ ಬೆಳೆ ಉಳಿಸುವುದೂ ಇವೇ. ಗೂಡು ಭದ್ರವಾದರೆ ಅವು ಹಿತ್ತಲಿನಲ್ಲಿ ಓಡಾಡಿಕೊಂಡಿದ್ದರೂ ನಷ್ಟವಿಲ್ಲ.

ರಿಪೇರಿ ಆದ ಮೇಲೆ

ಒಮ್ಮೆ ಕೋಳಿ ಸಿಕ್ಕ ಜಾಗಕ್ಕೆ ಪ್ರಾಣಿ ಮತ್ತೆ ಬಂದೇ ಬರುತ್ತದೆ, ಹೆಚ್ಚಾಗಿ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಆದ್ದರಿಂದ ಜಾಲರಿ ಕಟ್ಟಿದ ದಿನವೇ ಬೂದಿ ಹರಡುವುದನ್ನು ಬಿಡಬೇಡಿ, ಇನ್ನೊಂದು ವಾರ ಮುಂದುವರಿಸಿ. ಹೆಜ್ಜೆ ಜಾಲರಿಯವರೆಗೆ ಬಂದು ವಾಪಸ್ ಹೋಗಿದ್ದರೆ ರಿಪೇರಿ ಸರಿಯಾಗಿದೆ. ಹೆಜ್ಜೆ ಗೂಡನ್ನು ಸುತ್ತು ಹಾಕಿ ಒಂದೇ ಕಡೆ ಜಾಸ್ತಿ ನಿಂತಿದ್ದರೆ ನಿಮ್ಮ ಕಣ್ಣಿಗೆ ಬೀಳದ ಸಂದಿ ಅದಕ್ಕೆ ಕಂಡಿದೆ. ಆ ಜಾಗವನ್ನು ಅವತ್ತೇ ಕತ್ತಲಾಗುವ ಮೊದಲು ಮುಚ್ಚಿ.